ಗೋಡೆಗೂ ಕಪಾಟಿಗೂ ನಡುವೆ

ಮದುವೆಯಾದಂದಿನಿಂದ ನಮ್ಮವರ ಅಂಗಿಗಳ ಜಾಗ ಎಂದರೆ ಬಾಗಿಲ ಹಿಂದಿನ ಮೊಳೆ. ನನ್ನ ತವರಿನಿಂದ ಬಂದ ತಗಡಿನ ತಿಜೋರಿಯಲ್ಲಿ ಮೊದಲು ನನ್ನ ಸೀರೆ ಸೇರಿದವು, ಆಮೇಲೆ ಮಗನ ಬಟ್ಟೆ, ಅವನ ಪುಸ್ತಕ, ಬಂದವರಿಗೆ ಹೊದೆಯಲು ಕೊಡುವ ಚಾದರ. ನಾವೆಲ್ಲ ಒಳಗೆ ನುಗ್ಗಿದೆವು, ಅವರೊಬ್ಬರೇ ಹೊರಗೆ ಉಳಿದರು. ಇಚಲಕರಂಜಿಯ ಕಾರಖಾನೆಯಲ್ಲಿ ಇಡೀ ದಿನ ಮಗ್ಗದ ಗದ್ದಲದಲ್ಲಿ ನಿಂತು ಊರಿಗೆಲ್ಲ ಬಟ್ಟೆ ನೇಯುವ ಮನುಷ್ಯನಿಗೆ ತನ್ನ ಬಟ್ಟೆ ಇಡಲು ಮನೆಯಲ್ಲಿ ಜಾಗವಿರಲಿಲ್ಲ. ಮಗನಿಗೆ ಕಾಗಲದಲ್ಲಿ ಕೆಲಸ ಸಿಕ್ಕಿ ಹೊಸ ಕಪಾಟು ತರುವ ಮಾತು ಬಂದಾಗ ಅವರು ಕೇಳಿದ್ದು ಇಷ್ಟೇ: “ಅದರಾಗ ಒಂದ ಖಾನೆ ನನಗ ಬಿಡ ಮತ್ತ.”

ಕೊಲ್ಹಾಪುರಕ್ಕೆ ಹೋದೆವು. ಅಂಗಡಿ ಮದುವೆ ಮನೆಯಂತೆ ಝಗಮಗಿಸುತ್ತಿತ್ತು. ನನ್ನ ಕಣ್ಣು ನೇರವಾಗಿ ಹೋಗಿ ಕೂತದ್ದು ಆಳೆತ್ತರದ ಕನ್ನಡಿಯಿದ್ದ ಕಪಾಟಿನ ಮೇಲೆ. ಬಾಗಿಲ ತುಂಬ ಬಳ್ಳಿ, ಗಿಳಿ. “ವಹಿನೀ, ಹೇ ಬಘಾ, ಏಕದಮ್ ನ್ಯಾಚುರಲ್,” ಎಂದು ಮರಾಠಿಯಲ್ಲಿ ಹೊಗಳುತ್ತ ಅಂಗಡಿಯವನು ಪಕ್ಕದಲ್ಲಿದ್ದ ಮರದ ಬಣ್ಣದ ಇನ್ನೊಂದನ್ನು ತಟ್ಟಿ ತೋರಿಸಿದ. ನಮ್ಮವರು ಅದರ ಬಾಗಿಲಿಗೆ ಮೂಗು ತಾಗುವಷ್ಟು ಬಗ್ಗಿದರು. ಬಟ್ಟೆಯಲ್ಲಿ ಎಳೆ ತಪ್ಪಿದ್ದನ್ನು ಹುಡುಕುವಾಗ ಅವರು ಹೀಗೆಯೇ ಬಗ್ಗುತ್ತಿದ್ದರು.

“ಈ ಗಂಟ ನೋಡ. ಇಲ್ಲೂ ಐತಿ, ಕೆಳಗೂ ಅದ ಐತಿ, ಆಚಿ ಬಾಗಲದಾಗೂ ಅದ. ಸೀರಿ ಅಂಚಿನಂಗ ತಿರಗಿ ತಿರಗಿ ಬಂದೈತಿ. ಇದು ಮರ ಅಲ್ಲ, ಮರದ ಫೋಟೋ.”

“ಫೋಟೋದಾಗ ಅರಿವಿ ಇಡಾಕ ಬರ್ತೈತಿ ಅಲ್ರಿ? ಮತ್ತೇನ ಬೇಕು?” ಎಂದೆ.

“ಆ ಬಳ್ಳಿ, ಗಿಳೀನೂ ಹಂಗ. ದಿನಾ ಮಗ್ಗದಾಗ ಅದ ನಮೂನಿ ನೋಡಿ ಸಾಕಾಗೈತಿ. ಮನ್ಯಾಗರ ಬ್ಯಾರೆ ನೋಡೋಣು.”

ಏನೂ ಕೊಳ್ಳದೆ ಬಸ್ಸು ಹತ್ತಿದೆವು. ಕನ್ನಡಿ ಕೈಬಿಟ್ಟದ್ದು ನನಗೆ ಈಗಲೂ ಅಷ್ಟು ಸುಲಭವಾಗಿ ಮರೆಯುವುದಿಲ್ಲ.

ನೂಲ ಎಂಬ ಊರಿನಲ್ಲಿರುವ ನನ್ನ ನಾದಿನಿ ಗಡಹಿಂಗ್ಲಜದ ಒಬ್ಬ ಬಡಿಗನನ್ನು ತೋರಿಸಿಕೊಟ್ಟಳು. ಅವನ ಅಂಗಳದಲ್ಲಿ ಹಲಸಿನ ಹಲಗೆಗಳು ಒಣಗುತ್ತಿದ್ದವು, ಈಗಷ್ಟೇ ಅರಿಶಿನ ಹಚ್ಚಿದಂತೆ ಹಳದಿ. ಕೆತ್ತನೆಯಿಲ್ಲ, ಹೊಳಪಿಲ್ಲ, ಮರದ ಗಂಟು ಇದ್ದಲ್ಲೇ ಇರಲಿ, ಹಿಡಿಕೆ ಹಲಸಿನ ಬೀಜದ ಆಕಾರದ್ದು ಸಾಕು ಎಂದು ಮಾತಾಯಿತು. “ಬೆಳಕ ಬಿದ್ದಂಗ ಬಣ್ಣ ತಿರಗತೈತ್ರಿ,” ಎಂದ ಬಡಿಗ, “ನಾಕೈದ ವರ್ಷಕ್ಕ ಕೆಂಪಾಗಿ ಭಾಳ ಚಂದ ಕಾಣತೈತಿ.” “ಆಗ್ಲಿ, ಕುಂತ ನೋಡತೇನಿ,” ಎಂದರು ನಮ್ಮವರು.

ಗೋಡೆಯ ಅಳತೆಯನ್ನು ಅವರು ತೆಗೆದುಕೊಂಡದ್ದು ಟೇಪಿನಿಂದಲ್ಲ. ಮಗ್ಗದಿಂದ ತಂದ, ಇನ್ನೂ ನೀರು ಕಾಣದ ಕೋರಾ ಬಟ್ಟೆಯ ಉದ್ದನೆಯ ಪಟ್ಟಿಯನ್ನು ಗೋಡೆಗೆ ಹಿಡಿದು, ಸರಿಯಾಗಿ ಅಷ್ಟಕ್ಕೇ ಹರಿದರು. ಅದಕ್ಕೆ ಮಗ್ಗದ ಎಣ್ಣೆ ಹತ್ತಿತ್ತು. ಪರ ಊರಿನವರ ಕೈಗೆ ಹೊಲಸು ಅರಿವೆ ಹೇಗೆ ಕೊಡುವುದೆಂದು ನಾಚಿ, ಬಿಸಿನೀರಿನಲ್ಲಿ ತಾವೇ ಒಗೆದು, ಒಣಗಿಸಿ, ಮಡಿಚಿ ಒಯ್ದು ಕೊಟ್ಟರು.

ಟೆಂಪೋದಲ್ಲಿ ಕಪಾಟು ಬಂತು. ಗೋಡೆಗೆ ಒತ್ತಿ ನಿಲ್ಲಿಸಿದರೆ ಒಂದು ಬದಿ ಗೇಣಿನಷ್ಟು ಖಾಲಿ. ಬಡಿಗ ಪಟ್ಟಿಯನ್ನು ತೆಗೆದು ಕಪಾಟಿಗೆ ಹಿಡಿದ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಮ್ಮವರು ಹಣೆ ಹಣೆ ಬಡಿದುಕೊಂಡರು. ಕೋರಾ ಬಟ್ಟೆ ನೀರು ಕಂಡರೆ ಕುಗ್ಗುತ್ತದೆ ಎನ್ನುವುದು ನಮ್ಮ ಓಣಿಯ ಕೂಸಿಗೂ ಗೊತ್ತು.

“ನೀವ ನೇದ ಅರಿವಿ ನಿಮಗ ಟೋಪಿ ಹಾಕ್ತಲ್ರಿ!” ಎಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರೂ ನಕ್ಕರು, ಕೆಮ್ಮು ಬರುವಷ್ಟು ನಕ್ಕರು. ಹತ್ತಿಯ ಧೂಳಿನ ಆ ಕೆಮ್ಮು ನಮ್ಮ ಮನೆಗೆ ಹೊಸದೇನೂ ಆಗಿರಲಿಲ್ಲ.

ಮುಂದಿನ ವಾರ ಬಡಿಗ ಉಳಿದ ಹಲಗೆ ತಂದು ಆ ಸಂದಿನಲ್ಲಿ ಬಾಗಿಲಿಲ್ಲದ ಇಕ್ಕಟ್ಟಿನ ಖಾನೆಗಳನ್ನು ಕೂರಿಸಿ ಹೋದ. ಕಪಾಟಿನೊಳಗೆ ಅವರಿಗೆಂದು ನಾನು ಬಿಟ್ಟ ಖಾನೆಯನ್ನು ಅವರು ಮುಟ್ಟಲೇ ಇಲ್ಲ. “ಇದ ನಂದು,” ಎಂದು ಸಂದಿಯ ಮುಂದೆ ಕೂತರು. ಅಂಗಿಗಳನ್ನು ಕಾರಖಾನೆಯಲ್ಲಿ ಬಟ್ಟೆಯ ಥಾನು ಮಡಿಚುವಂತೆ ಒಂದೇ ಅಗಲಕ್ಕೆ ಮಡಿಚಿ ಒಂದರ ಮೇಲೊಂದು ಇಟ್ಟರು. ಬಾಗಿಲ ಹಿಂದಿನ ಮೊಳೆಯನ್ನು ಇಕ್ಕಳದಿಂದ ಕಿತ್ತು ಹೊರಗೆ ಎಸೆದರು. ಎದುರಿನ ಕಿಟಕಿಯ ಬಿಸಿಲು ಬೆಳಿಗ್ಗೆ ಅಲ್ಲಿಗೇ ಬೀಳುತ್ತಿತ್ತು. ವರ್ಷಗಟ್ಟಲೆ ಚಹಾ ಹಿಡಿದು ಅಲ್ಲೇ ಕೂತು, “ಏ, ತುಸು ಕೆಂಪಾಗೈತಿ ನೋಡ,” ಎನ್ನುತ್ತಿದ್ದರು. ನನಗೇನೂ ಕಾಣುತ್ತಿರಲಿಲ್ಲ. ಹೌದ್ರಿ ಎನ್ನುತ್ತಿದ್ದೆ.

ಹೋದ ವರ್ಷದ ಮಳೆಗಾಲದಲ್ಲಿ ಆ ಕೆಮ್ಮೇ ಅವರನ್ನು ಕರೆದುಕೊಂಡು ಹೋಯಿತು. ಸೂತಕದ ದಿನಗಳು ಮುಗಿದ ಮೇಲೆ ನಾದಿನಿ ಮೆಲ್ಲಗೆ ಹೇಳಿದಳು: “ವೈನಿ, ಅಣ್ಣನ ಅರಿವಿ ಮನ್ಯಾಗ ಇಟ್ಕೋಬಾರದ್ರಿ. ಯಾರಿಗರ ಕೊಟ್ಟಬಿಡೂಣು.” ಪದ್ಧತಿ ನನಗೂ ಗೊತ್ತು. ಬೇಡವೆಂದು ಜಗಳವಾಡುವ ಶಕ್ತಿ ನನಗೆ ಉಳಿದಿರಲಿಲ್ಲ. ಅವಳು ಅಂಗಿಗಳನ್ನು ಮಡಿಕೆ ಬಿಚ್ಚದೆ ಎರಡೂ ಕೈಯಿಂದ ಎತ್ತಿಕೊಂಡಳು.

ಆಗ ಕಂಡಿತು. ಸುತ್ತಲಿನ ಮರವೆಲ್ಲ ಬಡಿಗ ಹೇಳಿದಂತೆಯೇ ಕೆಂಪಾಗಿತ್ತು. ಅಂಗಿಗಳು ಇದ್ದಲ್ಲಿ ಮಾತ್ರ, ಅವರು ಮಡಿಚಿದ ಅಗಲಕ್ಕೆ ಸರಿಯಾಗಿ, ಹಲಗೆ ಬಂದ ದಿನದ ಹಳದಿ ಹಾಗೆಯೇ ಉಳಿದಿತ್ತು. ನಾನು ಅದರ ಮೇಲೆ ಅಂಗೈ ಇಟ್ಟೆ. ನಾದಿನಿಯ ಎದುರು ಅಳಬಾರದೆಂದುಕೊಂಡಿದ್ದೆ, ಆಗಲಿಲ್ಲ.

“ಖಾನೆ ಬರೇ ಬಿಡಬ್ಯಾಡ್ರಿ ವೈನಿ, ಮನಿಗಿ ಚಲೋ ಅಲ್ಲ,” ಎಂದಳು ಅವಳು, ತಾನೂ ಕಣ್ಣೊರೆಸಿಕೊಳ್ಳುತ್ತ. ಮನೆಗೆ ಒಳ್ಳೆಯದೋ ಕೆಟ್ಟದ್ದೋ ಆಗ ನನಗೆ ಬೇಕಾಗಿರಲಿಲ್ಲ. ಬೆಳಿಗ್ಗೆ ಕಿಟಕಿಯಿಂದ ಬಿಸಿಲು ಬರುತ್ತದೆ ಎನ್ನುವುದೊಂದೇ ತಲೆಯಲ್ಲಿತ್ತು. ಕಪಾಟು ತೆಗೆದು, ನನ್ನದೊಂದು ಹತ್ತಿ ಸೀರೆಯನ್ನು ಅವರ ಅಂಗಿಯ ಅಗಲಕ್ಕೆ ಮಡಿಚಿ, ಹಳದಿಯ ಅಂಚಿಗೆ ಅಂಚು ಕೂಡಿಸಿ ಇಟ್ಟೆ.

ಆ ಸೀರೆಯನ್ನು ಆಮೇಲೆ ಉಟ್ಟಿಲ್ಲ. ತೆಗೆದರೆ ಅಲ್ಲಿಗೂ ಬೆಳಕು ಬೀಳುತ್ತದೆ.