ಹಗಲು ಮಲಗುವವರ ಮನೆ

ಬಾಡಿಗೆ ಮನೆ ನೋಡಲು ಹೋದವರು ಸಾಮಾನ್ಯವಾಗಿ ಏನು ಕೇಳುತ್ತಾರೆ? ನೀರು ಬರುತ್ತದೆಯೇ, ಗಾಳಿ ಬೆಳಕು ಚೆನ್ನಾಗಿದೆಯೇ, ಬಸ್ಸು ಹತ್ತಿರವೇ. ನಮ್ಮ ಯಜಮಾನರು ಕೇಳುತ್ತಿದ್ದುದು ಒಂದೇ: "ಇಲ್ಲಿ ಹಗಲು ಹೊತ್ತು ಹೆಂಗಿರುತ್ತೆ?" ಬೆಳಕು ಚೆನ್ನಾಗಿದೆ ಸಾರ್ ಎಂದು ಯಾರಾದರೂ ಹೇಳಿದರೆ ಮುಖ ಸಿಂಡರಿಸಿಕೊಂಡು ಮೆಟ್ಟಿಲಿಳಿದು ಬಿಡುತ್ತಿದ್ದರು. ಇಂಥ ಮನುಷ್ಯನ ಹಿಂದೆ ಬೀದಿ ಬೀದಿ ಅಲೆದ ಪುಣ್ಯವಂತೆ ನಾನು.

ಇವರು ಬೇಕರಿಯಲ್ಲಿ ಭಟ್ಟಿ ಕೆಲಸದವರು. ಊರಿನವರು ಬೆಳಿಗ್ಗೆ ಎದ್ದು ತಿನ್ನುವ ಬ್ರೆಡ್ಡು, ಬನ್ನುಗಳನ್ನು ರಾತ್ರಿಯಿಡೀ ಬೇಯಿಸುವ ಪಾಳಿ. ಸಂಜೆ ಹೊರಟರೆ ಮರಳುವುದು ಬಿಸಿಲೇರಿದ ಮೇಲೆಯೇ. ಬಂದು, ಟೀ ಕುಡಿದು, ಪರದೆ ಎಳೆದು ಮಲಗುತ್ತಾರೆ. ಮದುವೆಯಾದಾಗಿನಿಂದಲೂ ಹೀಗೇ. ನಾನು ದರ್ಜಿ ಅಂಗಡಿಯಿಂದ ಅಂಗಿಗಳ ಗಂಟು ತಂದು ಮನೆಯಲ್ಲೇ ಕಾಜಾ ಹಾಕಿ, ಗುಂಡಿ ಹೊಲಿಯುತ್ತೇನೆ. ಕೈಹೊಲಿಗೆ, ಆದ್ದರಿಂದ ಸದ್ದಿಲ್ಲ. ಇವರು ಮಲಗಿರುವಾಗ ಪಾತ್ರೆಯನ್ನೂ ಬೆಕ್ಕಿನ ಮರಿ ಎತ್ತಿದ ಹಾಗೆ ಎತ್ತಿಡುವುದು ನನಗೆ ಅಭ್ಯಾಸವಾಗಿ ಹೋಗಿತ್ತು.

ಹಳೇ ಮನೆಯಲ್ಲಿ ನಾವು ನೆಮ್ಮದಿಯಾಗಿಯೇ ಇದ್ದೆವು. ಪಕ್ಕದ ಕಟ್ಟಡ ಒಡೆಯಲು ಶುರುಮಾಡಿದರು ನೋಡಿ, ಅಲ್ಲಿಗೆ ಮುಗಿಯಿತು. ಬೆಳಗಾದರೆ ಸುತ್ತಿಗೆ, ಮಧ್ಯಾಹ್ನ ಡ್ರಿಲ್ಲು. ಇವರು ಕಿವಿಗೆ ಹತ್ತಿ ತುರುಕಿಕೊಂಡರು, ತಲೆಗೆ ದಿಂಬು ಒತ್ತಿಕೊಂಡರು, ಕೊನೆಗೆ ಕೂತು ಗೋಡೆ ನೋಡತೊಡಗಿದರು. ಒಂದು ದಿನ ಭಟ್ಟಿಯ ಮುಂದೆ ನಿಂತಲ್ಲೇ ಜೋಂಪು ಹತ್ತಿ, ಕಾದ ತಟ್ಟೆಯ ಮೇಲೆ ಕೈ ಊರಿಬಿಟ್ಟರು. ಮಣಿಕಟ್ಟಿನಿಂದ ಮೊಣಕೈವರೆಗೆ ಬೊಬ್ಬೆ. ಬೇಕರಿಯ ಮಾಲೀಕರು ಆಸ್ಪತ್ರೆಗೇನೋ ಕರೆದುಕೊಂಡು ಹೋದರು, ಆದರೆ ಅಲ್ಲೇ ಹೇಳಿಯೂಬಿಟ್ಟರು: "ಇನ್ನೊಂದ್ಸಲ ಹಿಂಗಾದ್ರೆ ನಿಮ್ಮನ್ನ ಭಟ್ಟಿ ಮುಂದೆ ನಿಲ್ಲಿಸೋಕಾಗಲ್ಲ. ಏನಾದ್ರೂ ಆದ್ರೆ ಯಾರು ಜವಾಬ್ದಾರಿ?" ಭಟ್ಟಿ ಬಿಟ್ಟರೆ ಇವರಿಗೆ ಬೇರೆ ಕೆಲಸ ಬಾರದು. ಹಗಲು ನಿದ್ದೆ ಸಿಗುವ ಮನೆ ಸಿಕ್ಕದಿದ್ದರೆ ಕೆಲಸ ಹೋದ ಹಾಗೆಯೇ. ನನಗೆ ಜೀವವೇ ಬಾಯಿಗೆ ಬಂದಿತ್ತು.

ಹಾಗೆ ಶುರುವಾಯಿತು ನಮ್ಮ ಮನೆ ಬೇಟೆ. ಇವರ ಪರೀಕ್ಷೆಯೋ, ಹೆಣ್ಣು ನೋಡಲು ಬಂದಾಗಲೂ ನನ್ನನ್ನು ಅಷ್ಟು ನೋಡಿರಲಿಲ್ಲ. ಹತ್ತಿರ ಶಾಲೆ ಇದ್ದರೆ ಬೇಡ, ಆಟದ ಬಿಡುವಿನಲ್ಲಿ ಮಕ್ಕಳು ಕಿರುಚುತ್ತಾರೆ. ಪಕ್ಕದಲ್ಲಿ ಖಾಲಿ ಸೈಟಿದ್ದರೆ ಸುತರಾಂ ಬೇಡ, ಇವತ್ತಲ್ಲ ನಾಳೆ ಯಾರಾದರೂ ಕಟ್ಟಡ ಎಬ್ಬಿಸುತ್ತಾರೆ. ಬ್ರೆಡ್ಡು ಬೆಂದಿದೆಯೇ ಎಂದು ನೋಡಲು ಅದರ ತಳವನ್ನು ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಾರಲ್ಲ, ಹೋದ ಹೋದ ಮನೆಯ ಗೋಡೆಗಳನ್ನೂ ಹಾಗೆಯೇ ತಟ್ಟಿ ಕಿವಿ ಇಡುವರು. "ಟೊಳ್ಳು ಕಣೇ. ಆಚೆಯವರು ಸೀನಿದರೂ ಕೇಳುತ್ತೆ." ಮನೆ ತೋರಿಸುತ್ತಿದ್ದ ದಲ್ಲಾಳಿ ಮರೆಯಲ್ಲಿ ಇವರಿಗೆ 'ಹಗಲುನಿದ್ದೆ ಸಾಹೇಬ್ರು' ಎಂದು ಹೆಸರಿಟ್ಟಿದ್ದ. ಮರೆ ಎಂದರೆ ನನ್ನ ಕಿವಿಗೆ ಬೀಳುವಷ್ಟು ಹತ್ತಿರದ ಮರೆ.

ಕೊನೆಗೆ ಒಂದು ಕುರುಡು ಗಲ್ಲಿಯ ತುದಿಯಲ್ಲಿ ಮೂರಂತಸ್ತಿನ ಕಟ್ಟಡ ಕಣ್ಣಿಗೆ ಬಿತ್ತು. ಇವರು ನನ್ನನ್ನು ಬಿಟ್ಟು ಒಬ್ಬರೇ ವಿಚಾರಿಸಲು ಹೋದರು. ಅಲ್ಲಿ ನಡೆದದ್ದನ್ನು ಕಾವಲುಗಾರನ ಬಾಯಿಂದಲೇ ಕೇಳಬೇಕು.

"ಮಧ್ಯಾಹ್ನ ಎಲ್ಲಾ ಕೆಲಸಕ್ಕೆ ಹೋಗಿರ್ತಾರಾ ಅಂದ್ರು. ಹೂಂ ಅಂದೆ. ಯಾರೂ ಇರಲ್ವಾ ಅಂದ್ರು. ಎರಡನೇ ಮಹಡಿ ಅಜ್ಜಿ ಒಬ್ರೇ ಅಂದೆ. ಅಜ್ಜಿಗೆ ಕಿವಿ ಕೇಳುತ್ತಾ ಅಂದ್ರು ತಾಯಿ! ಇನ್ನೇನು ಅಂದ್ಕೊಳ್ಳಲಿ ನಾನು?"

ಏನಂದುಕೊಳ್ಳುತ್ತಾನೆ, ಪಾಪ. ಕಳ್ಳ ಎಂದುಕೊಂಡು ಕಾಲರ್ ಹಿಡಿದು ಗೇಟಿನ ಹೊರಗೆ ನೂಕಿದ್ದ. ಅಜ್ಜಿಗೆ ಕಿವಿ ಮಂದವಾಗಿದ್ದರೆ ಟೀವಿ ಜೋರಾಗಿ ಹಾಕುತ್ತಾರೇನೋ ಎನ್ನುವುದು ಇವರ ಚಿಂತೆ! ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಮಾರನೆಯ ದಿನ ದಲ್ಲಾಳಿಯನ್ನೂ ಕರೆದುಕೊಂಡು ನಾನೇ ಜೊತೆಗೆ ಹೋಗಿ, ಇವರ ಕೈಮೇಲಿನ ಸುಟ್ಟ ಗಾಯ ತೋರಿಸಿ, ವಿಷಯ ಬಿಡಿಸಿ ಹೇಳಿದೆ. ಕಾವಲುಗಾರ ಕರಗಿದ. ಖಾಲಿ ಮನೆಯ ಬೀಗ ತೆಗೆದದ್ದೇ ತಡ, ಇವರು ಚಪ್ಪಲಿ ಬಿಟ್ಟು, ಬರೀ ನೆಲದ ಮೇಲೆ ತೋಳು ಮಡಿಚಿ ತಲೆಗಿಟ್ಟುಕೊಂಡು ಮಲಗಿಯೇಬಿಟ್ಟರು.

"ಮನೆ ನೋಡೋಕೆ ಬಂದ್ರೋ, ಮಲಗೋಕೆ ಬಂದ್ರೋ?" ಎಂದ ದಲ್ಲಾಳಿ.

"ನನಗೆ ಎರಡೂ ಒಂದೇನಪ್ಪ" ಎಂದು ಕಣ್ಣು ಮುಚ್ಚಿದರು. ಎದ್ದದ್ದು ಸಂಜೆಗೆ. ನಾನು ಬಾಗಿಲ ಬಳಿ ಕೂತು ಆ ಮುಖ ನೋಡಿದೆ. ಎಷ್ಟೋ ದಿನದ ಮೇಲೆ ಹುಬ್ಬಿನ ಗಂಟು ಸಡಿಲವಾಗಿತ್ತು.

ಮನೆ ಮೊದಲ ಮಹಡಿಯದು, ಹಿಂಭಾಗದ್ದು. ಕೆಳಗೆ ಉದ್ದನೆಯ ಶಟರು ಎಳೆದ ಮಳಿಗೆ. ಅದೇನೆಂದು ಕೇಳಿದ್ದಕ್ಕೆ ಕಾವಲುಗಾರ, "ಹಗಲು ತೆಗೆಯೋದೇ ಇಲ್ಲ ಸಾರ್" ಎಂದ. ಇವರು ಹಿಗ್ಗಿ ಹೀರೇಕಾಯಿಯಾದರು. ಮೆಟ್ಟಿಲ ತುಂಬ ಸೋಪಿನ ಘಮ. "ನೋಡೇ, ಎಷ್ಟು ಶುಚಿ ಜನ!" ಎಂದು ಅದಕ್ಕೂ ಮೆಚ್ಚುಗೆ. ನಾವು ಕೇಳಿದ್ದು ಹಗಲಿನ ಮಾತು, ಅವನು ಹೇಳಿದ್ದೂ ಹಗಲಿನ ಮಾತೇ. ಅವನ ಪಾಳಿಯೂ ಸಂಜೆಗೆ ಮುಗಿಯುತ್ತಿತ್ತು. ಅವನನ್ನು ದೂರಿ ಏನು ಬಂತು?

ಮನೆಗೆ ಬಂದ ಮೊದಲ ಸಂಜೆ ಇವರು ಕೆಲಸಕ್ಕೆ ಹೊರಟರು, ನಾನು ಹಾಸಿಗೆ ಬಿಡಿಸಿದೆ. ಕೆಳಗೆ ಶಟರು ಧಡಾರನೆ ಎದ್ದಿತು. ಆಮೇಲೆ ಗುರ್ರ್ ಎಂದು ನೆಲವೇ ನಡುಗಿತು. ಗಾಬರಿಯಾಗಿ ಕಿಟಕಿಯಿಂದ ಬಗ್ಗಿ ನೋಡಿದರೆ, ಲಾಂಡ್ರಿ! ಹೋಟೆಲು, ಆಸ್ಪತ್ರೆಗಳ ಹೊದಿಕೆಗಳನ್ನೆಲ್ಲ ಇಲ್ಲಿ ರಾತ್ರಿಯಿಡೀ ಒಗೆಯುತ್ತಾರೆ. ಆನೆ ಗಾತ್ರದ ಯಂತ್ರಗಳು. ಬಿಸಿಲು ಬೀಳುವ ಹೊತ್ತಿಗೆ ಗಾಡಿಗೆ ತುಂಬಿ, ಶಟರು ಎಳೆದು ಹೋಗುತ್ತಾರೆ. ಇವರು ಬರುವ ಹೊತ್ತಿಗೆ ಎಲ್ಲ ಗಪ್‌ಚಿಪ್.

ಅಯ್ಯೋ, ನಾವೆಂಥ ಜಾಣರು! ಗೋಡೆ ತಟ್ಟಿದೆವು, ಅಜ್ಜಿಯ ಕಿವಿ ವಿಚಾರಿಸಿದೆವು. ರಾತ್ರಿ ಒಮ್ಮೆ ಬಂದು ನೋಡೋಣ ಎಂದು ಇಬ್ಬರಿಗೂ ಹೊಳೆಯಲೇ ಇಲ್ಲ.

ಮಾರನೆಯ ಬೆಳಿಗ್ಗೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಇವರು ಮಲಗಿಯಾಗಿತ್ತು. ಎದ್ದಾಗ ಮುಖ ಎಷ್ಟು ಗೆಲುವಾಗಿತ್ತೆಂದರೆ ನನ್ನ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ಇವರು ನಿದ್ದೆ ಹತ್ತದೆ ತಾರಸಿಯ ಮೇಲೆ ಅಡ್ಡಾಡುತ್ತಲೇ ಬೆಳಗು ಮಾಡುವ ವಾರದ ರಜೆಯ ರಾತ್ರಿ ಸಿಕ್ಕಿಬೀಳುತ್ತೇನೆಂದು ಹೆದರಿದ್ದೆ. ಲಾಂಡ್ರಿಗೂ ಅದೇ ದಿನ ರಜೆ! ಹೀಗೆ ದಿನ ತಳ್ಳಿದೆ. ಇವರ ಗಾಯ ಮಾಗಿತು, ಕೆನ್ನೆ ತುಂಬಿತು. ರಾತ್ರಿ ನಿದ್ದೆಯಿಲ್ಲ, ಹಗಲೆಲ್ಲ ಹೊಲಿಗೆ, ನನ್ನ ಕಣ್ಣುಗಳು ಗುಳಿಬಿದ್ದವು. ಅಂಗಿಯ ಎಡಬದಿಗೆ ಹಾಕಬೇಕಾದ ಕಾಜಾ ಬಲಬದಿಗೆ ಹಾಕಿ ಕಳಿಸಿದೆ. ದರ್ಜಿ ಮಾಸ್ತರು ಗಂಟನ್ನೇ ವಾಪಸು ತಂದು, "ಏನಮ್ಮಾ, ಕಣ್ಣು ಮುಚ್ಕೊಂಡು ಹೊಲೀತಿದೀರಾ?" ಎಂದರು. ಒಳಗೆ ಮಲಗಿದ್ದ ಇವರು ಹೊರಳಿದರು, ಏಳಲಿಲ್ಲ. ಸದ್ಯ ಬದುಕಿದೆ ಎಂದುಕೊಂಡೆ.

ಆ ವಾರದಲ್ಲೇ ಬೇಕರಿಯ ಭಟ್ಟಿ ಕೆಟ್ಟಿತು. ಇವರು ಹೋದ ಕಾಲಿನಲ್ಲೇ ಮರಳಿ ಬಂದು, "ಇವತ್ತು ಜೊತೆಗೆ ಊಟ ಮಾಡೋಣ ಕಣೇ" ಎಂದು ಚಾಪೆ ಹಾಸಿದರು. ನಾನು ಓಡಿಹೋಗಿ ಕಿಟಕಿ ಮುಚ್ಚಿ ಬಂದೆ. ಎರಡು ತುತ್ತು ತಿಂದಿರಲಿಲ್ಲ, ಶಟರು ಎದ್ದಿತು. ಲೋಟದ ನೀರು ನಡುಗತೊಡಗಿತು. ಇವರು ಲೋಟ ನೋಡಿದರು, ನೆಲ ಮುಟ್ಟಿದರು, ಆಮೇಲೆ ನನ್ನನ್ನು ನೋಡಿದರು.

"ಏನೇ ಇದು?"

"ಲಾಂಡ್ರಿ."

"ದಿನಾ?"

"ಹೂಂ."

"ಎಷ್ಟೊತ್ತಿನ ತನಕ?"

"ನೀವು ಬರೋ ತನಕ."

ಕೈ ತೊಳೆದು ಬಂದು ಕೂತರು. ಸಿಟ್ಟು ಬಂದರೆ ಇವರದು ಕೂಗಾಟವಲ್ಲ, ದನಿ ಇಳಿಯುತ್ತದೆ. "ಯಾಕೆ ಹೇಳ್ಲಿಲ್ಲ?"

ನನಗೆ ಪಿತ್ತ ನೆತ್ತಿಗೇರಿತು. "ಹೇಳಿ ಏನ್ಮಾಡ್ಲಿ? ಮತ್ತೆ ಗೋಡೆ ತಟ್ಕೊಂಡು ಊರು ಸುತ್ತೋಣಾಂತಲಾ? ನೀವು ಮತ್ತೆ ಕೈ ಸುಟ್ಕೊಳ್ಳಿ, ಕೆಲಸ ಕಳ್ಕೊಳ್ಳಿ, ನಾನು ನೋಡ್ತಾ ಕೂತಿರ್ಲಾ? ನಿಮ್ಮ ನಿದ್ದೆಗೆ ಅಂತ್ಲೇ ಅಲ್ವಾ ಈ ಮನೆಗೆ ಬಂದಿದ್ದು?"

ಇವರು ನಡುಗುತ್ತಿದ್ದ ಲೋಟವನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡರು. "ಬೀದಿಯವರನ್ನೆಲ್ಲ ಕೇಳ್ದೆ" ಎಂದರು. "ಕಾವಲುಗಾರನ್ನ ಕೇಳ್ದೆ, ಅಜ್ಜಿ ಬಗ್ಗೆ ಕೇಳ್ದೆ. ನಿನ್ನನ್ನ ಒಂದು ಮಾತು ಕೇಳ್ಲಿಲ್ಲ. ನಾಳೇನೇ ಬೇರೆ ಮನೆ ನೋಡ್ತೀನಿ."

"ನಾನು ಬರಲ್ಲ" ಎಂದೆ. ಏಕೆ ಹಾಗೆಂದೆನೋ, ಮೊದಲು ಯೋಚಿಸಿದ್ದ ಮಾತಲ್ಲ. "ರಾತ್ರಿ ನಾನು ಹೊಲಿಗೆ ಹಾಕ್ತೀನಿ. ಎಚ್ಚರ ಇರೋಳಿಗೆ ಈ ಸದ್ದು ಏನ್ಮಾಡುತ್ತೆ? ಹಗಲು ನಿಮ್ಜೊತೆ ನಾನೂ ಮಲಗ್ತೀನಿ."

"ಜನ ಏನಂತಾರೆ, ಗಂಡ ಹೆಂಡ್ತಿ ಇಬ್ರೂ ಹಗಲೆಲ್ಲ ಬಾಗಿಲು ಹಾಕ್ಕೊಂಡಿದ್ರೆ?"

"ಅಂದ್ಕೊಳ್ಳಲಿ ಬಿಡಿ!" ಎಂದೆ. ಇವರ ಕಿವಿ ಕೆಂಪಾಯಿತು. ಈ ವಯಸ್ಸಿನಲ್ಲಿ!

ಭಟ್ಟಿ ರಿಪೇರಿಯಾಗಿ ಇವರು ಕೆಲಸಕ್ಕೆ ಹೋಗಿ ಬಂದ ಬೆಳಿಗ್ಗೆ, ಟೀ ಕುಡಿದು, ಪರದೆ ಎಳೆದು, ಇಬ್ಬರೂ ಮಲಗಿದೆವು. ದಿಂಬಿಗೆ ತಲೆ ಕೊಟ್ಟದ್ದಷ್ಟೇ ನನಗೆ ನೆನಪು. ಎದ್ದಾಗ ಸಂಜೆ. ಇವರು ಅಂಗಾತ ಮಲಗಿ ಕಣ್ಣು ಬಿಟ್ಟುಕೊಂಡಿದ್ದರು.

"ಅಯ್ಯೋ, ನಿದ್ದೆ ಬರ್ಲಿಲ್ವಾ?" ನನಗೆ ದಿಗಿಲಾಯಿತು. "ಏನಾದ್ರೂ ಸದ್ದಾಯ್ತಾ?"

"ಬಂತು, ಸ್ವಲ್ಪ ತಡವಾಗಿ." ನಗು ತಡೆದುಕೊಳ್ಳುತ್ತಿದ್ದರು. "ನೀನು ಗೊರಕೆ ಹೊಡೀತೀಯ ಕಣೇ."

"ನಾನಾ? ಸುಳ್ಳು!"

"ಹೊಡೀತೀಯ. ಇಷ್ಟು ವರ್ಷ ಆಯ್ತು, ನಂಗೆ ಗೊತ್ತೇ ಇರ್ಲಿಲ್ಲ."

ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಎಬ್ಬಿಸಬಾರದಿತ್ತಾ? ಪಕ್ಕಕ್ಕೆ ತಿರುಗ್ತಿದ್ದೆ. ನಿಮ್ಮ ನಿದ್ದೆ ಹಾಳಾಯ್ತಲ್ಲ."

"ಎಬ್ಬಿಸೋಕೆ ಮನಸ್ಸಾಗ್ಲಿಲ್ಲ" ಎಂದರು. "ಕೇಳ್ತಾ ಮಲಗಿದ್ದೆ."