ಸ್ಪ್ಯಾನರ್ ಎಲ್ಲಿ ನಿಲ್ಲಬೇಕು

ಇಂಗ್ಲಿಷ್ ನನಗೆ ಚೆನ್ನಾಗಿ ಬರುತ್ತಿತ್ತು. ಬರುತ್ತದೆಂದು ನಾಲ್ಕು ಜನರಿಗೆ ತೋರಿಸಿಕೊಳ್ಳುವುದು ಇನ್ನೂ ಚೆನ್ನಾಗಿ ಬರುತ್ತಿತ್ತು. ಶಿವಮೊಗ್ಗದ ಕೋಟೆ ಬೀದಿಯಲ್ಲಿ ಬಾಡಿಗೆ ಕೋಣೆ, ಹೈಸ್ಕೂಲಿನಲ್ಲಿ ಮೇಷ್ಟರ ಕೆಲಸ, ಮೇಜಿನ ಮೇಲೆ ದಪ್ಪ ಡಿಕ್ಷನರಿ. ಐವತ್ತರ ದಶಕದ ಕೊನೆಯಲ್ಲಿ ಇಪ್ಪತ್ತನಾಲ್ಕು ವರ್ಷದವನಿಗೆ ಇಷ್ಟಿದ್ದರೆ ಕಾಲು ನೆಲದ ಮೇಲೆ ನಿಲ್ಲುತ್ತದೆಯೇ? ನನ್ನದಂತೂ ನಿಂತಿರಲಿಲ್ಲ.

ಆಗ ಭದ್ರಾವತಿಯಿಂದ ಒಬ್ಬ ಫಿಟ್ಟರ್ ನನ್ನನ್ನು ಹುಡುಕಿಕೊಂಡು ಬಂದರು. ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದವರು. ಎಲ್ಲರೂ ಭಾಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಫಿಟ್ಟರುಗಳ ಮೇಲಿನ ಚಾರ್ಜ್‌ಮನ್ ಆಗಲು ಇಂಗ್ಲಿಷಿನಲ್ಲಿ ಸಂದರ್ಶನ ಕೊಡಬೇಕಿತ್ತು. ಎರಡು ಸಲ ಹೋಗಿ ಬಾಯಿ ಬಿಡಲಾಗದೆ ಹೊರಬಂದಿದ್ದರು. ಮೂರನೆಯದೇ ಕೊನೆಯ ಅವಕಾಶ. ಅದೂ ಹೋದರೆ, ತಾವೇ ಕೆಲಸ ಕಲಿಸಿದವರ ಕೈಕೆಳಗೆ ಕೊನೆಯವರೆಗೂ ದುಡಿಯಬೇಕು.

"ಅವಮಾನ ಆಗುತ್ತೆ ಮೇಷ್ಟ್ರೇ" ಎಂದರು.

"ನಾನಿದ್ದೀನಲ್ಲ, ಬಿಡಿ ಭಾಯಿ" ಎಂದೆ.

ಪ್ರತಿ ಭಾನುವಾರ ಸೈಕಲ್ ತುಳಿದು ಭದ್ರಾವತಿ ನ್ಯೂ ಟೌನಿನ ಅವರ ಕ್ವಾರ್ಟರ್ಸಿಗೆ ಹೋಗುತ್ತಿದ್ದೆ. ಹಿಂದಿನ ಚಕ್ರದ ನಟ್ಟು ನಾನೇ ಮೈಭಾರವೆಲ್ಲ ಹಾಕಿ ಬಿಗಿದದ್ದು. ಮೊದಲ ದಿನವೇ ಭಾಯಿ ಅದರ ಮೇಲೊಮ್ಮೆ ಬೆರಳಾಡಿಸಿ, ನನ್ನನ್ನು ಒಳಗೆ ಕರೆದರು.

ಸ್ಪ್ಯಾನರ್ ಎಂದರೇನು ಎಂದು ಕೇಳಿಯೇ ಕೇಳುತ್ತಾರೆ ಎಂದು ಒಂದು ಇಂಗ್ಲಿಷ್ ವಾಕ್ಯ ಬರೆದುಕೊಟ್ಟೆ: ನಟ್ಟು ಬೋಲ್ಟುಗಳನ್ನು ಬಿಗಿಯಲು, ಸಡಿಲಿಸಲು ಬಳಸುವ ಸಾಧನ. ಅರ್ಥ ಕೇಳಿದವರೇ ಭಾಯಿ ಅಲ್ಲವೆಂದು ತಲೆಯಾಡಿಸಿದರು. ಬಜಾರಿನವರಂತೆ ಅವರೂ ಸ್ಪ್ಯಾನರಿಗೆ ಪಾನ ಎನ್ನುತ್ತಿದ್ದರು.

"ಬಿಗಿಯೋದು ಯಾರ್ ಬೇಕಾದ್ರೂ ಬಿಗೀತಾರೆ. ಎಲ್ಲಿ ನಿಲ್ಲಿಸ್ಬೇಕು ಅಂತ ಕೈಗೆ ಹೇಳುತ್ತಲ್ಲ, ಅದು ಪಾನ. ಸಣ್ಣ ನಟ್ಟಿಗೆ ಗಿಡ್ಡ ಪಾನ ಯಾಕೆ ಇಟ್ಟಿರ್ತಾರೆ ಮತ್ತೆ? ಜಾಸ್ತಿ ಬಿಗಿಯಕ್ಕೆ ಆಗ್ದಿರ್ಲಿ ಅಂತ."

ಮೂರು ಭಾನುವಾರ ಹೀಗೇ ಹಟ ಹಿಡಿದರು. ಉಳಿದದ್ದೆಲ್ಲ ಕಲಿತರು, ಈ ವಾಕ್ಯ ಮಾತ್ರ ಬಾಯಿಗೆ ತರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ನಾಲ್ಕನೆಯ ವಾರ ಡಿಕ್ಷನರಿಯನ್ನೇ ಹೊತ್ತೊಯ್ದು ಅವರೆದುರು ತೆರೆದೆ. ಅರ್ಥದ ಕೆಳಗೆ ಸಣ್ಣ ಅಕ್ಷರದಲ್ಲಿ ಪದದ ಮೂಲ ಕೊಟ್ಟಿತ್ತು. ಜಂಭಕ್ಕೆ ಅದನ್ನೂ ಓದಿದೆ: ಜರ್ಮನ್ ಭಾಷೆಯದು, ಹಳೆಯ ಕಾಲದ ಬಂದೂಕಿನ ಸ್ಪ್ರಿಂಗು ತಿರುಗಿಸುವ ಕೀಲಿಗೆ ಮೊದಲು ಈ ಹೆಸರಿತ್ತು, ಮೂಲದ ಅರ್ಥ ಎಳೆಯುವುದು, ಎಳೆದು ಬಿಗಿಯುವುದು.

ಭಾಯಿ ಎದ್ದು ನಿಂತರು. "ಎಳೆಯೋದಾ? ಇನ್ನೊಂದ್ಸಲ ಓದಿ."

ಓದಿದೆ.

"ಅದೇ ಮೇಷ್ಟ್ರೇ! ಬಿಗಿದಾಗ ಬೋಲ್ಟು ಕೂದಲಷ್ಟು ಉದ್ದ ಆಗುತ್ತೆ. ವಾಪಸ್ ಬರಕ್ಕೆ ಎಳೀತಿರುತ್ತೆ, ಅದಕ್ಕೇ ಹಿಡ್ಕೊಂಡಿರುತ್ತೆ. ಜಾಸ್ತಿ ಎಳೆದ್ರೋ, ಮುಗೀತು. ಈ ಹೆಸರಿಟ್ಟವನು ಫಿಟ್ಟರೇ ಇರ್ಬೇಕು!"

ಆ ಡಿಕ್ಷನರಿ ನಾಲ್ಕು ವರ್ಷದಿಂದ ನನ್ನಲ್ಲಿತ್ತು. ಆ ಸಣ್ಣ ಅಕ್ಷರದ ಸಾಲನ್ನು ನಾನು ಓದಿದ್ದು ಅವತ್ತೇ ಮೊದಲು. ಆದರೂ ಬುದ್ಧಿ ಬರಲಿಲ್ಲ. "ಇದನ್ನೆಲ್ಲ ಅಲ್ಲಿ ಹೇಳಬೇಡಿ ಭಾಯಿ, ನನ್ನ ವಾಕ್ಯ ಒಪ್ಪಿಸಿ ಬನ್ನಿ" ಎಂದು ಅಂಗಲಾಚಿದೆ.

ಸಂದರ್ಶನದ ದಿನ ರಜೆ ಹಾಕಿ ಹೋಗಿ ಕಚೇರಿಯ ಕಿಟಕಿಯ ಹೊರಗೆ ನಿಂತಿದ್ದೆ. ಸ್ಪ್ಯಾನರಿನ ಪ್ರಶ್ನೆ ಬಂತು. ನನ್ನ ವಾಕ್ಯ ಬರಲಿಲ್ಲ.

"ಬೋಲ್ಟ್ ಲಿಟಲ್ ಲಾಂಗ್, ಸರ್. ಲಿಟಲ್ ಲಾಂಗ್, ಹೋಲ್ಡ್. ಮೋರ್ ಲಾಂಗ್, ಬ್ರೇಕ್. ಸ್ಪ್ಯಾನರ್ ಟೆಲ್ ಹ್ಯಾಂಡ್, ಸ್ಟಾಪ್."

ನಾನು ತಲೆಯ ಮೇಲೆ ಕೈ ಹೊತ್ತೆ. ಪ್ರಶ್ನೆ ಕೇಳುತ್ತಿದ್ದ ಇಂಜಿನಿಯರು ಪೆನ್ನು ಕೆಳಗಿಟ್ಟರು. ಆಮೇಲೆ ಕನ್ನಡದಲ್ಲೇ ಕೇಳಿದರು: "ಇದನ್ನ ನಿಮಗೆ ಯಾರು ಹೇಳಿಕೊಟ್ರು?"

"ನಮ್ಮ ಮೇಷ್ಟ್ರು, ಸರ್."

ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಭಾಯಿ ಚಾರ್ಜ್‌ಮನ್ ಆದರು. ಮುಂದಿನ ಭಾನುವಾರ ಸಿಹಿ ತಿನ್ನಿಸಿ, ನನ್ನ ಸೈಕಲ್ಲಿನ ಹತ್ತಿರ ಕರೆದೊಯ್ದರು. ನಾನು ಬಿಗಿದ ರಭಸಕ್ಕೆ ನಟ್ಟಿನ ಒಳಗಿನ ಥ್ರೆಡ್ ಕಿತ್ತುಹೋಗಿತ್ತು. ಅದನ್ನು ತೆಗೆದು ಹೊಸದು ಕೂರಿಸಿ, ಗಿಡ್ಡದೊಂದು ಪಾನ ನನ್ನ ಕೈಗಿಟ್ಟರು. ತಿರುಗಿಸಿದೆ. ನಟ್ಟು ಕೂತಿತು. ಇನ್ನೂ ಸ್ವಲ್ಪ ತಿರುಗಿಸಿದೆ.

"ಸಾಕಾ ಭಾಯಿ?"

"ನನ್ನ ಯಾಕೆ ಕೇಳ್ತೀರಿ? ಕೈನ ಕೇಳಿ."

ಇನ್ನೊಂದು ಚೂರು ಎಳೆದು, ನಿಲ್ಲಿಸಿದೆ. ಭಾಯಿ ಬಗ್ಗಿ ನಟ್ಟು ಮುಟ್ಟಿ ನೋಡಿದರು.

"ಪಾಸು" ಎಂದರು.