ಜೋಮು ಹಿಡಿದ ಕಾಲಿಗೆ ಎಣ್ಣೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನನಗೇ ಆದದ್ದು, ಕೊಳ್ಳೇಗಾಲದ ಒಂದು ಆಸ್ಪತ್ರೆಯಲ್ಲಿ. ಈ ವಯಸ್ಸಿನಲ್ಲಿ ಕಥೆ ಕಟ್ಟಿ ನನಗೇನೂ ಆಗಬೇಕಾಗಿಲ್ಲ.

ಸಂಧಿವಾತದಿಂದ ನನ್ನ ಬಲ ಸೊಂಟದ ಕೀಲು ಸವೆದುಹೋಗಿತ್ತು. ಅಂದು ಸಂಜೆ ಅದನ್ನು ತೆಗೆದು ಹೊಸ ಕೀಲು ಹಾಕಿದ್ದರು. ಬೆನ್ನಿಗೆ ಕೊಟ್ಟ ಸೂಜಿಯಿಂದ ಸೊಂಟದ ಕೆಳಗೆಲ್ಲ ಜೋಮು. ನರ್ಸ್ ಹೆಬ್ಬೆರಳು ಚಿವುಟಿದರೂ ತಿಳಿಯಲಿಲ್ಲ. ಕೆಳಗೆ ಚಾಪೆಯ ಮೇಲೆ ಅಳಿಯ ಗೊರಕೆ ಹೊಡೆಯುತ್ತಿದ್ದ.

ಮೊದಲು ವಾಸನೆ ಬಂತು... ಲಕ್ಕಿ ಸೊಪ್ಪು ಹಾಕಿ ಕಾಯಿಸಿದ ಎಣ್ಣೆ.

ಆಮೇಲೆ ಪಾದದ ಮೇಲೊಂದು ಕೈ. ಜೋಮು ಹಿಡಿದ ಕಾಲಿಗೆ ಅದು ಮಾತ್ರ ತಿಳಿಯುತ್ತಿತ್ತು. ಬೆರಳಿನಿಂದಲ್ಲ, ಮುಷ್ಟಿಯ ಗೆಣ್ಣಿನಿಂದ ಉಜ್ಜುತ್ತಿತ್ತು. ಹಾಗೆ ಉಜ್ಜುತ್ತಿದ್ದವಳು ನನ್ನ ಅಕ್ಕ ಒಬ್ಬಳೇ. ಇದೇ ಕಾಯಿಲೆಯಲ್ಲಿ ಅವಳ ಬೆರಳೆಲ್ಲ ಸೊಟ್ಟಗಾಗಿದ್ದವು.

ಅವಳು ಸತ್ತು ಆರು ವರ್ಷ.

"ಬಸ್ವಾ... ಡಾಕುಟ್ರು ಏನಂದ್ರು ಕಣ್ಲಾ?"

ಹದಿನೈದು ವರ್ಷದ ಹಿಂದೆ, ಇದೇ ಊರಿನ ಬಸ್ ನಿಲ್ದಾಣದಲ್ಲಿ ಅವಳು ಇದನ್ನೇ ಕೇಳಿದ್ದಳು. ಅವಳನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, ನಾನೊಬ್ಬನೇ ಅವಳ ಎಕ್ಸ್‌ರೇ ಹಿಡಿದು ಹೋಗಿ ಡಾಕ್ಟರನ್ನು ಕಂಡು ಬಂದಿದ್ದೆ. ಎರಡೂ ಸೊಂಟಕ್ಕೆ ಹೊಸ ಕೀಲು ಹಾಕಿದರೆ ನಡೆಯುತ್ತಾರೆ, ಮೈಸೂರಿಗೆ ಕರೆದುಕೊಂಡು ಹೋಗಿ ಎಂದಿದ್ದರು. ಸತ್ತೇಗಾಲದ ನಮ್ಮ ಗದ್ದೆಯಲ್ಲಿ ಕಬ್ಬು ಕಡಿತ ಶುರುವಾಗಿತ್ತು. ಆಸ್ಪತ್ರೆಯಲ್ಲಿ ಅವಳ ಜೊತೆ ಕೂರುವವರು ಯಾರು?

"ಏನೂ ಮಾಡಕಾಗಕಿಲ್ವಂತೆ ಕಣಕ್ಕ" ಎಂದೆ.

"ಓಗ್ಲಿ ಬುಡ್ಲಾ. ಕುಂತಲ್ಲೇ ಕುಂತ್ಕಂಡು ಮಾರಾಣಿ ಆಯ್ತೀನಿ" ಎಂದು ನಕ್ಕಿದ್ದಳು.

ಒಂಬತ್ತು ವರ್ಷ ನೆಲದ ಮೇಲೆ ತೆವಳಿದಳು. ಗದ್ದೆಯಿಂದ ದಣಿದು ಬಂದ ನನ್ನ ಕಾಲಿಗೆ ಎಣ್ಣೆ ಉಜ್ಜಿದಳು.

"ಏನಂದ್ರು ಕಣ್ಲಾ?"

ಕೈ ಮೊಣಕಾಲಿನವರೆಗೆ ಬಂದಿತ್ತು. ನಿಜ ಹೇಳಬೇಕೆಂದೇ ಬಾಯಿ ತೆರೆದೆ.

"ಏನೂ... ಏನೂ ಮಾಡಕಾಗಕಿಲ್ವಂತೆ ಕಣಕ್ಕ."

ಕೈ ನಿಂತಿತು.

ಬೆಳಗ್ಗೆ ನರ್ಸ್ ಹೊದಿಕೆ ಸರಿಸಿದವಳೇ ರೇಗಿದಳು. "ಏನ್ ತಾತ ಇದು? ಆಪರೇಷನ್ ಆಗಿರೋ ಕಾಲ್ಗೆ ಎಣ್ಣೆ ಯಾರು ಅಚ್ಚುದ್ದು?"

"ನಾ ಮುಟ್ಟೇ ಇಲ್ಲ ಸಿಸ್ಟರ್, ನಂಗೆ ಎಚ್ರಾನೇ ಇರ್ನಿಲ್ಲ" ಎಂದ ಅಳಿಯ.

ಎರಡೂ ಪಾದ ಮಿರಿಮಿರಿ ಹೊಳೆಯುತ್ತಿದ್ದವು.

ಈಗ ಕೋಲಿಲ್ಲದೆ ನಡೆಯುತ್ತೇನೆ. ಸೊಂಟ ನೋಯುವುದಿಲ್ಲ. ಮೊಣಕಾಲಿನ ಕೆಳಗಿನ ಜೋಮು ಮಾತ್ರ ಇಳಿದಿಲ್ಲ. ಕಾರಣ ಡಾಕ್ಟರಿಗೂ ಗೊತ್ತಿಲ್ಲ.

ಕೆಲವು ರಾತ್ರಿ ಲಕ್ಕಿ ಎಣ್ಣೆಯ ವಾಸನೆ ಬರುತ್ತದೆ. ಈ ಸಲ ನಿಜ ಹೇಳಿಬಿಡೋಣವೆಂದು ಎದ್ದು ಕೂರುತ್ತೇನೆ...

ಅವಳು ಆ ಪ್ರಶ್ನೆ ಕೇಳುವುದೇ ಇಲ್ಲ.